ಹಳೆಯ ಪಿಕಪ್‌ಗೆ ಹೊಸ ದೇಹ: ಮನೆಯಲ್ಲಿ ಮಾಡಿದ ಲ್ಯಾಪ್ ಸ್ಟೀಲ್ ಗಿಟಾರ್

ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ಉಕ್ಕಿನ ಸರಳನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುವ ಗಿಟಾರ್ ಕನ್ನಡಿಗರಿಗೆ ಅಪರಿಚಿತವಲ್ಲ. ಗೋಟುವಾದ್ಯದ ತತ್ತ್ವವೂ ಇದೇ. ಹಿಂದಿ ಚಿತ್ರಗೀತೆಗಳನ್ನು ಹವಾಯಿಯನ್ ಗಿಟಾರಿನಲ್ಲಿ ನುಡಿಸಿದ ವಾನ್ ಶಿಪ್ಲೆ ಒಂದು ಪೀಳಿಗೆಗೆ ಚಿರಪರಿಚಿತರು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಈ ಜಾರುನಾದದಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿ ಹೆಸರಾದವರು.

ಈ ವಾದ್ಯವನ್ನು ಮನೆಯಲ್ಲೇ ಮಾಡಿಕೊಳ್ಳುವುದು ಕಷ್ಟವಲ್ಲ. ಬೆರಳು ತಂತಿಯನ್ನು ಮರಕ್ಕೆ ಒತ್ತುವುದಿಲ್ಲವಾದ್ದರಿಂದ ಮೆಟ್ಟುಗಳು ಬೇಕಿಲ್ಲ, ಗೆರೆ ಎಳೆದರೆ ಸಾಕು. ಸುರಪುರ ಸೀಮೆಯ ದೇವಾಪುರದಂಥ ಊರಿನಲ್ಲೂ ಕೈಪಳಗಿದ ಬಡಗಿ ಮತ್ತು ಚೆನ್ನಾಗಿ ಒಣಗಿದ ಸಾಗುವಾನಿ ಹಲಗೆ ಇದ್ದರೆ ದೇಹ ಸಿದ್ಧ. ನಿಜವಾದ ಪರೀಕ್ಷೆ ಪಿಕಪ್‌ನದು.

ವಾಣಿಜ್ಯ ಯಶಸ್ಸು ಕಂಡ ಮೊದಲ ವಿದ್ಯುತ್ ಗಿಟಾರ್, 1932ರಲ್ಲಿ ಮಾರುಕಟ್ಟೆಗೆ ಬಂದ ರಿಕನ್‌ಬ್ಯಾಕರ್‌ನ 'ಫ್ರೈಯಿಂಗ್ ಪ್ಯಾನ್', ಲ್ಯಾಪ್ ಸ್ಟೀಲ್ ಆಗಿತ್ತು. ಅದರ ಪಿಕಪ್ ಜಾರ್ಜ್ ಬೋಶಾಂ ಅವರ ಕೊಡುಗೆ. ಅಯಸ್ಕಾಂತದ ಸುತ್ತ ತಾಮ್ರದ ತಂತಿಯ ಸುರುಳಿ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ವೀಣೆಗೆ ಬಳಸುವ ಹಿತ್ತಾಳೆ ತಂತಿಗಳನ್ನು ಇಲ್ಲಿ ಕಟ್ಟಿದರೆ ಸದ್ದು ಬರುವುದಿಲ್ಲವೆಂಬುದು ಈ ಕಾರಣದಿಂದಲೇ.

ಸುರುಳಿಯ ತಂತಿಯ ದಪ್ಪ ಸುಮಾರು 0.06 ಮಿ.ಮೀ. ಮಾತ್ರ, ಸುತ್ತುಗಳು ಸಾವಿರಾರು. ಒಂದೆಡೆ ತುಂಡಾದರೂ ಪಿಕಪ್ ಮೂಕ. ಆದ್ದರಿಂದ ಹಳೆಯದನ್ನು ಕೊಳ್ಳುವ ಮುನ್ನವೇ ಮಲ್ಟಿಮೀಟರ್ ಇಟ್ಟು ನೋಡುವುದು ಲೇಸು. ಒಂಟಿ ಸುರುಳಿಯದಾದರೆ ಸಾಮಾನ್ಯವಾಗಿ 5ರಿಂದ 9 ಕಿಲೋ ಓಮ್ ತೋರಬೇಕು. ಕೆಲವು ಹಳೆಯ ಪಿಕಪ್‌ಗಳಲ್ಲಿ ಸುರುಳಿಯನ್ನು ನೇರವಾಗಿ ಅಯಸ್ಕಾಂತದ ಕಡ್ಡಿಗಳ ಮೇಲೆಯೇ ಸುತ್ತಿರುತ್ತಾರೆ. ಎತ್ತರ ಸರಿಪಡಿಸಲೆಂದು ಕಡ್ಡಿಯನ್ನು ಒತ್ತಿದರೆ ಒಳತಂತಿ ಹರಿಯುತ್ತದೆ. ಮರುಸುತ್ತಿಸಬಹುದು, ಆದರೆ ಆಮೇಲೆ ಅದು ಹಳೆಯ ಪಿಕಪ್ ಎನ್ನಿಸಿಕೊಳ್ಳದು.

ಹಲವರು ಎಡವುವುದು ಅನುಕ್ರಮದಲ್ಲಿ. ಕುದುರೆ ಕೂರಿಸಿದ ಮೇಲೆ ಪಿಕಪ್ ಹುಡುಕುತ್ತಾರೆ. ಆಗ ತಂತಿಗಳು ಕಡ್ಡಿಗಳ ನೇರಕ್ಕೆ ಬರುವುದಿಲ್ಲ. ಪಿಕಪ್‌ನ ಅಳತೆ ಹಿಡಿದೇ ಕುದುರೆಯಲ್ಲಿ ತಂತಿಗಳ ಅಂತರ ಗುರುತಿಸಬೇಕು. ಈ ವಾದ್ಯದಲ್ಲಿ ತಂತಿಗಳು ಹಲಗೆಯಿಂದ ಬಹಳ ಮೇಲಿರುವುದರಿಂದ ಪಿಕಪ್‌ನ ಕೆಳಗೆ ಮರದ ಚಕ್ಕೆ ಕೊಟ್ಟು ಎತ್ತರಿಸಬೇಕಾಗುತ್ತದೆ. 3 ಮಿ.ಮೀ. ಅಂತರದಿಂದ ಆರಂಭಿಸಿ, ಮುಂದಿನದನ್ನು ಕಿವಿಗೆ ಬಿಡುವುದು ಒಳಿತು.

ಜೋರು ಧ್ವನಿಯಲ್ಲಿ ಕೀರಲು ಶಬ್ದ ಬಂದರೆ ಸುರುಳಿ ಸಡಿಲಗೊಂಡಿದೆ ಎಂದರ್ಥ. ಪ್ಯಾರಫಿನ್ ಮೇಣದಲ್ಲಿ ಅದ್ದುವುದು ಪರಿಹಾರ. ಮೇಣವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟೇ ಕರಗಿಸಬೇಕು, ನೇರ ಉರಿಯ ಮೇಲಲ್ಲ. ಶಾಖ ಹೆಚ್ಚಾದರೆ ಹಳೆಯ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

50 ಹರ್ಟ್ಸ್‌ನ ಗುಂಯ್‌ಗುಡುವಿಕೆ ತಗ್ಗಿಸಲು ಗುಳಿಯ ಒಳಗೆ ತಾಮ್ರದ ಹಾಳೆ ಹೊದಿಸಿ, ಅದನ್ನೂ ಕುದುರೆಯನ್ನೂ ಅರ್ತ್‌ಗೆ ಜೋಡಿಸುತ್ತಾರೆ. ಇಲ್ಲೊಂದು ಅಪಾಯವಿದೆ. ತಂತಿಗಳೀಗ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಸೇರಿವೆ. ಅರ್ತ್ ಪಿನ್ ಮುರಿದ ಪ್ಲಗ್‌ನಿಂದ ನಡೆಯುವ ಜಾತ್ರೆಯ ವೇದಿಕೆಯಲ್ಲಿ ಆಂಪ್ಲಿಫೈಯರ್ ಕೆಟ್ಟಿದ್ದರೆ, ಸರಳು ಹಿಡಿದ ಕೈಗೂ ಮೈಕ್ ಮುಟ್ಟಿದ ತುಟಿಗೂ ನಡುವೆ ವಿದ್ಯುತ್ ಹರಿಯಬಹುದು. ಶ್ರುತಿ ಮಾಡುವ ಮುನ್ನ ಎಲೆಕ್ಟ್ರಿಷಿಯನ್ ಆ ಪ್ಲಗ್ ಮತ್ತು ಅರ್ತಿಂಗನ್ನು ಪರೀಕ್ಷಿಸಬೇಕು.