ಜಾಲರೆಕ್ಕೆಯ ಜೀರುಂಡೆಗೆ ನಾಮಕರಣ

ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ಕಾಡಂಚಿನ ಎಲೆಗಳ ಮೇಲೆ ಇಟ್ಟಿಗೆಗೆಂಪಿನ ಚಪ್ಪಟೆ ಜೀರುಂಡೆಯೊಂದು ಕೂತಿರುವುದನ್ನು ನೋಡಿದ್ದೇನೆ. ಅದಕ್ಕೆ ಯಾವ ಅವಸರವೂ ಇಲ್ಲ. ಮೇಲೆ ನೆರಳು ಬಿದ್ದರೂ ಓಡುವುದಿಲ್ಲ. ಭೂತಗನ್ನಡಿ ಹಿಡಿದರೆ ಬೆನ್ನಿನ ಉದ್ದಕ್ಕೂ ಎದ್ದ ಏಣುಗಳು ಕಾಣುತ್ತವೆ, ಅವುಗಳ ನಡುವೆ ಸಣ್ಣ ಅಡ್ಡಗೆರೆಗಳು. ಹಳೆಯ ಬೆತ್ತದ ಕುರ್ಚಿಯ ಹೆಣಿಗೆ ನೆನಪಾಗುತ್ತದೆ. ಬೇರೆ ಜೀರುಂಡೆಗಳ ಮೇಲುರೆಕ್ಕೆ ಚಿಪ್ಪಿನಷ್ಟು ಗಟ್ಟಿಯಾಗಿದ್ದರೆ, ಇದರದು ಹದ ಮಾಡಿದ ತೊಗಲಿನ ಹಾಗೆ ಮೆತ್ತಗೆ. ಜಾಲರೆಕ್ಕೆ ಜೀರುಂಡೆಗಳ ಲೈಸಿಡೆ ಎಂಬ ಈ ಕುಟುಂಬದಲ್ಲಿ ಈವರೆಗೆ ಹೆಸರು ಪಡೆದ ಪ್ರಭೇದಗಳೇ 4,000ಕ್ಕೂ ಹೆಚ್ಚು. ಹೆಸರಿಲ್ಲದವು ಇನ್ನೂ ಬಹಳ.

ಈ ಹುಳುವಿನ ನಿಶ್ಚಿಂತೆಗೆ ಕಾರಣ ಅದರ ಕಹಿ. ಹಿಸುಕಿದರೆ ರೆಕ್ಕೆಯಿಂದ ರಸ ಒಸರುತ್ತದೆ, ಕಟುವಾಸನೆ ಬರುತ್ತದೆ. ಒಮ್ಮೆ ಬಾಯಿ ಹಾಕಿದ ಪ್ರಾಣಿ ಆ ಕೆಂಪನ್ನು ಮರೆಯುವುದಿಲ್ಲ. ಹಾಗಾಗಿ ಒಂದೇ ಕಾಡಿನಲ್ಲಿ, ಒಂದಕ್ಕೊಂದು ಹತ್ತಿರದ ನಂಟಿಲ್ಲದ ಹಲವು ಹುಳುಗಳು ಇದೇ ಬಣ್ಣ ತೊಟ್ಟಿರುತ್ತವೆ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಐಸ್ನರ್ ಮತ್ತು ಜೊತೆಗಾರರು 1962ರಲ್ಲಿ ಅಮೆರಿಕದ ಇಂಥದ್ದೊಂದು ಸಂಗತಿಯನ್ನು ಪ್ರಕಟಿಸಿದರು. ಎಲಿಟ್ರೊಲೆಪ್ಟಸ್ ಎಂಬ ಉದ್ದಮೀಸೆಯ ಜೀರುಂಡೆ ಜಾಲರೆಕ್ಕೆಯದರ ವೇಷ ತೊಟ್ಟು, ಅದರ ಗುಂಪಿನಲ್ಲೇ ಕೂತು, ಅದನ್ನೇ ತಿನ್ನುತ್ತದೆ!

ಹೊಸ ಪ್ರಭೇದವನ್ನು ವಿವರಿಸಲು ಕೂತವರಿಗೆ ತೊಡಕು ಶುರುವಾಗುವುದೇ ಇಲ್ಲಿ. ಬಣ್ಣವನ್ನು ನಂಬುವಂತಿಲ್ಲ. ಒಂದೇ ಬಣ್ಣದವು ಬೇರೆ ಬೇರೆ ಪ್ರಭೇದಗಳಾಗಿರಬಹುದು, ಬೇರೆ ಬಣ್ಣದವು ಒಂದೇ ಆಗಿರಬಹುದು. ಆದ್ದರಿಂದ ಒಣಗಿದ ಹುಳುವನ್ನು ಮೊದಲು ಬಿಸಿನೀರಿನಲ್ಲಿ ನೆನೆಸಿ ಸಡಿಲ ಮಾಡುತ್ತಾರೆ. ಹೊಟ್ಟೆಯ ತುದಿಯನ್ನು ಬಿಡಿಸಿ, ಕ್ಷಾರದ ದ್ರಾವಣದಲ್ಲಿ ಮಾಂಸ ಕರಗಿಸಿ, ಗಂಡಿನ ಜನನಾಂಗವನ್ನು ಗ್ಲಿಸರಿನ್ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಕೂದಲೆಳೆಯಷ್ಟು ಸಣ್ಣ ಆ ಭಾಗದ ಬಾಗು, ತುದಿಯ ಆಕಾರ, ಮೀಸೆಯ ಗಿಣ್ಣುಗಳ ಅಳತೆ, ಎದೆಕವಚದ ಮೇಲಿನ ಏಣುಗಳು, ಎಲ್ಲವನ್ನೂ ಬರೆದುಕೊಳ್ಳಬೇಕು. ಹತ್ತಿರದ ಪ್ರಭೇದಗಳ ಮೂಲ ಮಾದರಿಗಳು ಯಾವ ದೇಶದ ಸಂಗ್ರಹಾಲಯದಲ್ಲಿದ್ದರೂ ಅವುಗಳ ಜೊತೆ ಹೋಲಿಸಬೇಕು. ಕೊನೆಗೆ ಒಂದೇ ಒಂದು ಹುಳುವನ್ನು ಆರಿಸಿ ಹೊಲೊಟೈಪ್ ಎಂದು ಸಾರಬೇಕು. ಮುಂದೆ ಆ ಹೆಸರಿನ ಬಗ್ಗೆ ಯಾರಿಗೆ ಸಂಶಯ ಬಂದರೂ ಆ ಒಂದು ಹುಳುವನ್ನೇ ತೆಗೆದು ನೋಡುತ್ತಾರೆ. ಅದರ ಸೂಜಿಗೆ ಸಾಮಾನ್ಯವಾಗಿ ಕೆಂಪು ಚೀಟಿ ಚುಚ್ಚಿರುತ್ತದೆ.

ಗಂಡು ಸಿಕ್ಕಾಗಿನ ಕಥೆ ಇದು. ಹೆಣ್ಣು ಮಾತ್ರ ಸಿಕ್ಕರೆ?

ಪರ್ಟಿ ಎಂಬ ಜರ್ಮನ್ ವಿಜ್ಞಾನಿ 1831ರಲ್ಲಿ ಜಾವಾ ದ್ವೀಪದ ಒಂದು ವಿಚಿತ್ರ ಮರಿಹುಳುವನ್ನು ವಿವರಿಸಿದ. ಅದರ ತಲೆ ಪುಟ್ಟದು. ಅಗಲವಾದ ಕವಚದಡಿ ಅದನ್ನು ಒಳಗೆ ಎಳೆದುಕೊಳ್ಳಬಲ್ಲದು. ಮೈಯ ಅಂಚಿಗೆ ಮುಳ್ಳಿನಂಥ ಚಾಚುಗಳು. ಕೋಟ್ಯಂತರ ವರ್ಷಗಳ ಹಿಂದೆ ಅಳಿದ ಟ್ರೈಲೊಬೈಟ್‌ಗಳ ಪಡಿಯಚ್ಚು. ಕೊಳೆತ ಮರದ ಮೇಲೆ ಮೆಲ್ಲಗೆ ಹರಿದಾಡುವ ಇದು ಬೆಳೆದು ಏನಾಗುತ್ತದೆ ಎಂಬುದು ಸುಮಾರು ತೊಂಬತ್ತು ವರ್ಷ ಯಾರಿಗೂ ಬಗೆಹರಿಯಲಿಲ್ಲ. ಬೋರ್ನಿಯೊದ ಸರವಾಕ್ ಮ್ಯೂಸಿಯಂನಲ್ಲಿದ್ದ ಸ್ವೀಡನ್ನಿನ ಎರಿಕ್ ಮ್ಯೋಬರ್ಗ್ 1925ರಲ್ಲಿ ಉತ್ತರ ಪ್ರಕಟಿಸಿದ. ಅದು ಬೆಳೆದು ಬೇರೇನೂ ಆಗುವುದಿಲ್ಲ, ಅದೇ ಪ್ರಾಯಕ್ಕೆ ಬಂದ ಹೆಣ್ಣು! ರೆಕ್ಕೆ ಮೂಡುವುದಿಲ್ಲ, ಮರಿಹುಳುವಿನ ರೂಪದಲ್ಲೇ ಮೊಟ್ಟೆ ಇಡುತ್ತದೆ. ಅದರ ಗಂಡೋ ಒಂದು ಸೆಂಟಿಮೀಟರೂ ಇಲ್ಲದ, ರೆಕ್ಕೆಯಿರುವ, ಸಾಧಾರಣ ಜಾಲರೆಕ್ಕೆ ಜೀರುಂಡೆ. ಐದಾರು ಸೆಂಟಿಮೀಟರ್ ಉದ್ದದ ಹೆಣ್ಣಿನ ಪಕ್ಕದಲ್ಲಿಟ್ಟರೆ ಎರಡೂ ಒಂದೇ ಪ್ರಭೇದವೆಂದು ಹೇಳಲು ಯಾರಿಗೂ ಧೈರ್ಯ ಸಾಲದು. ದುಲಿತ್ ಬೆಟ್ಟದ ನೆನಪಿಗೆ ಮ್ಯೋಬರ್ಗ್ ಅದನ್ನು ದುಲಿಟಿಕೋಲ ಪ್ಯಾರಡಾಕ್ಸ ಎಂದು ಕರೆದ.

ಈಗ ಅದರ ಹೆಸರು ಪ್ಲಾಟಿರೊಡ್ರೈಲಸ್ ಪ್ಯಾರಡಾಕ್ಸಸ್. ಚೆಕ್ ದೇಶದ ಪಲಾಟ್ಸ್ಕಿ ವಿಶ್ವವಿದ್ಯಾಲಯದ ಮಾಶೆಕ್ ಮತ್ತು ಬೊಚಾಕ್ 2014ರಲ್ಲಿ ಈ ಕುಲವನ್ನೇ ಮತ್ತೆ ಪರಿಶೀಲಿಸಿ, ಬಿಡಿಬಿಡಿಯಾಗಿ ಸಿಕ್ಕಿದ್ದ ಗಂಡು ಹೆಣ್ಣುಗಳನ್ನು ಡಿಎನ್‌ಎ ನೋಡಿ ಜೋಡಿಸಿದರು, ಹಲವು ಹೊಸ ಪ್ರಭೇದಗಳನ್ನೂ ವಿವರಿಸಿದರು. ಮ್ಯೋಬರ್ಗ್ ಕಾಡಿನಲ್ಲಿ ಹುಡುಕಿದ ನಂಟನ್ನು ಇವರು ಒಂದು ತುಣುಕು ಮಾಂಸದಲ್ಲಿ ಓದಿದರು. ಇಷ್ಟಾದರೂ ಹುಳುವನ್ನು ನೋಡಿ, ಅಳೆದು, ಮಾತಿನಲ್ಲಿ ವಿವರಿಸುವ ಕೆಲಸ ತಪ್ಪಲಿಲ್ಲ. ಅದೇ ವಿಶ್ವವಿದ್ಯಾಲಯದ ತಂಡ 2021ರಲ್ಲಿ ಮೆಟ್ರಿಯೊರಿಂಕಿನಿ ಎಂಬ ಒಂದೇ ಬಣದ ಜಾಲರೆಕ್ಕೆಯವನ್ನು ಮೂರು ಖಂಡಗಳ ಸುಮಾರು 700 ಜಾಗಗಳಿಂದ ತಂದು ಡಿಎನ್‌ಎ ಓದಿತು. ಸುಮಾರು 1,850 ಪ್ರಭೇದಗಳಿರಬಹುದು, ಅವುಗಳಲ್ಲಿ ಸುಮಾರು 1,000 ವಿಜ್ಞಾನಕ್ಕೇ ಹೊಸತಿರಬಹುದು ಎಂದು ಅಂದಾಜಾಯಿತು. ಎಣಿಸಿದ್ದು ಯಂತ್ರ. ಒಂದೊಂದನ್ನೂ ವಿವರಿಸಿ ಹೆಸರಿಡಲು ಮನುಷ್ಯರೇ ಬೇಕು, ಅಂಥ ತರಬೇತಿ ಇರುವವರು ತೀರಾ ಕಡಿಮೆ. ನನಗೆ ಕಳವಳ ಹುಟ್ಟಿಸುವುದು ಇದೇ.

ಕಳವಳಕ್ಕೆ ಇನ್ನೊಂದು ಕಾರಣ ರೆಕ್ಕೆಯಿಲ್ಲದ ತಾಯಿ. ಅವಳು ಹುಟ್ಟಿದ ಬೆಟ್ಟ ಬಿಟ್ಟು ದೂರ ಹೋಗಲಾರಳು. ಅದರಿಂದಲೇ ಇಂಥ ಪ್ರಭೇದಗಳು ಒಂದೊಂದು ಗುಡ್ಡಸಾಲಿಗೆ ಸೀಮಿತವಾಗಿ ಬೇರೆಯಾಗಿ ಬೆಳೆದಿವೆ. ಆ ಗುಡ್ಡದ ಕಾಡು ಹೋದರೆ ಪಕ್ಕದ ಗುಡ್ಡದಿಂದ ಯಾವ ಹೆಣ್ಣೂ ಹಾರಿ ಬರುವುದಿಲ್ಲ. ಲೈರೊಪಿಯಸ್ ಎಂಬ ಇಂಥದ್ದೇ ಒಂದು ಕುಲ ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿದೆ.

ನಮ್ಮಲ್ಲಿ ಹೊಸ ಪ್ರಭೇದ ಸಿಕ್ಕರೆ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ನಿಗದಿತ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿಯನ್ನು ಅಲ್ಲೇ ಇಡಬೇಕು. ಹುಳು ಹಿಡಿಯುವ ಕೆಲಸವನ್ನು ಅನುಮತಿ ಇರುವವರಿಗೇ ಬಿಡೋಣ. ಕಾಡುದಾರಿಯಲ್ಲಿ ನಡೆಯುವ ಉಳಿದವರು ಫೋಟೊ ತೆಗೆಯಬಹುದು. ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ ಇಡಿ, ತಾರೀಖು, ಜಾಗ, ಹುಳು ಕೂತಿದ್ದ ಮರ ಯಾವುದು ಎಂದು ಬರೆದಿಡಿ. ಮುಳ್ಳಂಚಿನ, ಪುಟ್ಟ ತಲೆಯ ಮರಿಹುಳು ಕಂಡರೆ ಅದು ಮರಿಯೇ ಎಂದು ಮುಂದೆ ಹೋಗಬೇಡಿ, ಸ್ವಲ್ಪ ಹೊತ್ತು ನಿಲ್ಲಿ. ಅದರ ಸುತ್ತ ಯಾವುದಾದರೂ ಸಣ್ಣ ಜೀರುಂಡೆ ಹಾರಿ ಬಂದರೆ ಅದರ ಚಿತ್ರವನ್ನೂ ತೆಗೆಯಿರಿ. ಕೊಳೆತ ಮರದ ದಿಮ್ಮಿಯನ್ನು ಮಾತ್ರ ಅಲ್ಲೇ ಬಿಟ್ಟುಬನ್ನಿ.