ರತ್ನಗಂಬಳಿ ಬಡಿದ ಯಂತ್ರಗಳು

ವ್ಯಾಕ್ಯೂಮ್ ಕ್ಲೀನರ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ನೆಲದ ಮೇಲೆ ಎಳೆದಾಡುವ ಡಬ್ಬ ಮತ್ತು ಅದರ ಸೊಂಡಿಲಿನಂಥ ಕೊಳವೆ. ಆದರೆ ಅಮೆರಿಕ, ಬ್ರಿಟನ್‌ಗಳ ಮನೆಗಳಲ್ಲಿ ದಶಕಗಳ ಕಾಲ ಮೆರೆದದ್ದು ಬೇರೆಯೇ ರೂಪ: ಕೆಳಗೆ ಮೋಟಾರು ಮತ್ತು ಕುಂಚ, ಮೇಲೆ ಉದ್ದನೆಯ ಹಿಡಿಕೆ, ಹಿಡಿಕೆಗೆ ತೂಗುಬಿದ್ದ ಬಟ್ಟೆಯ ಚೀಲ. ಇಂಥ ನಿಲುವು ಯಂತ್ರಗಳಲ್ಲಿ ಕೆಲವು 50–60 ವರ್ಷ ಕಳೆದರೂ ಕೆಲಸ ಮಾಡುತ್ತವೆ. ಹಳೆಯದೇ ಗಟ್ಟಿ ಎಂಬ ಮಾತು ಹುಟ್ಟುವುದು ಇಂಥವನ್ನು ಕಂಡೇ. ಅದರಲ್ಲಿ ನಿಜವೆಷ್ಟು?

ಈ ಯಂತ್ರದ ಮೂಲ ಒಬ್ಬ ಜಾಡಮಾಲಿಯ ಉಬ್ಬಸ. ಓಹಾಯೊ ರಾಜ್ಯದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್, ದೂಳಿನಿಂದ ಪಾರಾಗಲು 1907ರಲ್ಲಿ ಫ್ಯಾನಿನ ಮೋಟಾರು, ಪೊರಕೆಯ ಹಿಡಿ ಮತ್ತು ದಿಂಬಿನ ಚೀಲವನ್ನು ಕೂಡಿಸಿ ಯಂತ್ರ ಮಾಡಿಕೊಂಡ. 1908ರಲ್ಲಿ ಪೇಟೆಂಟ್ ದೊರೆಯಿತು. ಅದೇ ವರ್ಷ ಚರ್ಮದ ಸರಕಿನ ಉದ್ಯಮಿ ವಿಲಿಯಂ ಹೂವರ್ ಅದರ ತಯಾರಿಕೆಗೆ ಇಳಿದ. ಬ್ರಿಟನ್ನಿನಲ್ಲಿ ಮುಂದೆ ‘ಹೂವರ್’ ಎಂಬುದೇ ಗುಡಿಸುವ ಕ್ರಿಯಾಪದವಾಯಿತು.

ಯಂತ್ರದ ಆಕಾರವನ್ನು ನಿರ್ಧರಿಸಿದ್ದು ರತ್ನಗಂಬಳಿ. ಅದರ ಎಳೆಗಳ ಬುಡಕ್ಕಿಳಿದ ಮರಳು ಬರೀ ಗಾಳಿಯ ಸೆಳೆತಕ್ಕೆ ಮೇಲೇಳದು. ಕುಂಚ ಉಜ್ಜಬೇಕು, ಮೇಲಾಗಿ ಬಡಿಯಬೇಕು. 1926ರಲ್ಲಿ ಹೂವರ್ ಕಂಪನಿ ಉರುಳುವ ಕುಂಚಕ್ಕೆ ಬಡಿಯುವ ಲೋಹದ ಪಟ್ಟಿಗಳನ್ನೂ ಸೇರಿಸಿತು. ಈ ಅದುರಾಟವನ್ನು ತಾಳಲು ಗಟ್ಟಿ ಎರಕದ ಒಡಲು ಬೇಕಾಯಿತು. ನಮ್ಮ ಕಾವಿ ನೆಲಕ್ಕೆ, ಕಲ್ಲಿನ ನೆಲಕ್ಕೆ ಇಂಥ ಬಡಿತದ ಅಗತ್ಯವಿಲ್ಲ. 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ನಮ್ಮ ಮನೆಬಾಗಿಲಿಗೆ ಹೊತ್ತು ತಂದದ್ದು ಡಬ್ಬದ ಮಾದರಿ.

ಎರಡು ಹೆಸರಾಂತ ಯಂತ್ರಗಳನ್ನು ಹೋಲಿಸಿ ನೋಡಬಹುದು. 1936ರ ‘ಹೂವರ್ 150’ರ ರೂಪ ವಿನ್ಯಾಸಕ ಹೆನ್ರಿ ಡ್ರೇಫಸ್ಸನದು. ತೂಕ ಇಳಿಸಲು ಮೆಗ್ನೀಷಿಯಂ ಬಳಸಿ, ಮೋಟಾರನ್ನು ನುಣುಪಾದ ಬೇಕಲೈಟ್ ಕವಚದಿಂದ ಮುಚ್ಚಲಾಗಿತ್ತು. ಕ್ಲೀವ್‌ಲ್ಯಾಂಡಿನ ‘ಕರ್ಬಿ’ಯದು ಬೇರೆ ದಾರಿ: ಮಿರುಗುವ ಅಲ್ಯುಮಿನಿಯಂ ಎರಕ. ಅದರ ಮುಂದಿನ ಮೂತಿ ಕಳಚಿ ಕೊಳವೆ ಸಿಕ್ಕಿಸಿದರೆ ಸೋಫಾ, ಪರದೆಗಳನ್ನೂ ಶುಚಿಗೊಳಿಸಬಹುದು. ಮೂಲ ಜೋಡಣೆ ದಶಕಗಟ್ಟಲೆ ಹೆಚ್ಚು ಬದಲಾಗಲಿಲ್ಲ. ಬೆಲೆ ದುಬಾರಿ, ಆದರೆ ಹಳೆಯ ಯಂತ್ರವನ್ನು ಕಾರ್ಖಾನೆಯಲ್ಲೇ ಬಿಚ್ಚಿ ಹೊಸದಾಗಿ ಜೋಡಿಸಿಕೊಡುವ ವ್ಯವಸ್ಥೆಯಿತ್ತು.

ಹಾಗೆಂದು ಇವು ನಿರ್ದೋಷಿಗಳಲ್ಲ. ಎರಡರಲ್ಲೂ ಕಸ ಮೊದಲು ಫ್ಯಾನನ್ನು ಹಾದು ಆಮೇಲೆ ಚೀಲ ಸೇರುತ್ತಿತ್ತು. ದಾರಿ ಚಿಕ್ಕದಾದ್ದರಿಂದ ಗಾಳಿಯ ಹರಿವು ಜೋರು. ಆದರೆ ನಾಣ್ಯವೋ ಕಲ್ಲುಚೂರೋ ಹೊಕ್ಕರೆ ಫ್ಯಾನಿನ ರೆಕ್ಕೆ ಮುರಿಯುವ ಭಯ. ಬಟ್ಟೆಯ ಚೀಲದಿಂದ ನಯವಾದ ದೂಳು ಮತ್ತೆ ಕೋಣೆಗೆ ಸೋರುತ್ತಿತ್ತು. ಭಾರ, ಸದ್ದು ಎರಡೂ ಹೆಚ್ಚು. ಚೀಲದ ಆಚೆಗೆ ಫ್ಯಾನನ್ನಿಟ್ಟ ನಂತರದ ಮಾದರಿಗಳು ಈ ತೊಂದರೆಯನ್ನು ತಗ್ಗಿಸಿದವು. ಶೋಧಕ ಕಟ್ಟಿಕೊಂಡರೆ ಸೆಳೆತ ಕುಗ್ಗುವ ಹೊಸ ತೊಂದರೆಯನ್ನೂ ತಂದವು. ಇನ್ನೊಂದು ಮಾತು: ಇಂದು ಕಾಣಸಿಗುವುದು ಉಳಿದುಬಂದ ಯಂತ್ರಗಳಷ್ಟೇ. ಕೆಟ್ಟು ಗುಜರಿ ಸೇರಿದವು ಲೆಕ್ಕಕ್ಕೆ ಸಿಗುವುದಿಲ್ಲ.

ಲೋಹ ಬಾಳುತ್ತದೆ, ಪ್ಲಾಸ್ಟಿಕ್ ಬಾಳದು ಎಂಬ ತೀರ್ಮಾನವೂ ಅವಸರದ್ದೇ. ಬೇಕಲೈಟ್ ಕೂಡ ಪ್ಲಾಸ್ಟಿಕ್ಕೇ ತಾನೆ? ನಿಜವಾದ ವ್ಯತ್ಯಾಸ ಜೋಡಣೆಯಲ್ಲಿದೆ. ರಬ್ಬರ್ ಬೆಲ್ಟ್ ಸವೆಯುತ್ತದೆ, ಕುಂಚದ ಕೂದಲು ಉದುರುತ್ತದೆ, ಮೋಟಾರಿನ ಕಾರ್ಬನ್ ತೇಯುತ್ತದೆ ಎಂಬುದನ್ನು ಹಳೆಯ ಯಂತ್ರದ ರಚನೆಯೇ ಒಪ್ಪಿಕೊಂಡಿತ್ತು. ಅವನ್ನೆಲ್ಲ ಬದಲಿಸಲು ತಿರುಪು ಬಿಚ್ಚಿದರಾಯಿತು. ಬಿಚ್ಚಲಾಗದಂತೆ ಬೆಸೆದ ಒಡಲಲ್ಲಿ ಅಗ್ಗದ ಒಂದು ಭಾಗ ಕೆಟ್ಟರೂ ಇಡೀ ಯಂತ್ರವೇ ಕಸವಾಗುತ್ತದೆ. ಕಸ ತೆಗೆಯಲೆಂದು ಹುಟ್ಟಿದ ವಸ್ತುವಿಗೆ ಇದಕ್ಕಿಂತ ದೊಡ್ಡ ಸೋಲಿಲ್ಲ.