ಬ್ಯಾಟ್ರಿಗೆ ಬಾಲ ಬಂದದ್ದು

ಭದ್ರಾ ಅಣೆಕಟ್ಟಿನ ಬಳಿಯ ಶಂಕರಘಟ್ಟ, ಬಿಆರ್‌ಪಿ ಕಡೆ ‘ಬ್ಯಾಟ್ರಿ ತಗೊಂಡು ಬಾರೋ’ ಎಂದರೆ ತರಬೇಕಾದ್ದು ಟಾರ್ಚು. ಅದರ ಹೊಟ್ಟೆಗೆ ತುಂಬುವುದು ಸೆಲ್ಲು. ‘ತೋಟದ ಕಡೆ ಬ್ಯಾಟ್ರಿ ಬಿಡು, ಏನೋ ಸದ್ದಾಯ್ತು’ ಎಂಬ ಮಾತು ಕೇಳದ ರಾತ್ರಿ ಕಮ್ಮಿ.

ಸೆಲ್ಲು ಸತ್ತರೂ ಅದಕ್ಕೆ ಬಿಡುವಿರಲಿಲ್ಲ. ಮೊದಲು ಬಿಸಿಲಿಗಿಡುತ್ತಿದ್ದೆವು, ಕಾವಿಗೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ ಇನ್ನೊಂದು ರಾತ್ರಿ ಮಿಣುಕುತ್ತಿತ್ತು. ಅದೇ ನಮ್ಮ ಮೊದಲ ‘ಚಾರ್ಜು’! ಆಮೇಲೆ ಒಡೆದು, ಕರಿ ಪುಡಿಯನ್ನು ಸೆಗಣಿಗೆ ಕಲಸಿ ನೆಲ ಸಾರಿಸುವುದು. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಅದು ಬರೀ ಮಸಿಯಲ್ಲ, ಮ್ಯಾಂಗನೀಸ್ ಡೈಆಕ್ಸೈಡೂ ಬೆರೆತದ್ದು ಎಂದು ಗೊತ್ತಾಗುವಷ್ಟರಲ್ಲಿ ಮನೆಗೆ ರೆಡ್ ಆಕ್ಸೈಡ್ ನೆಲ ಬಂದಿತ್ತು.

ಸತುವಿನ ಡಬ್ಬಿಯೇ ಸವೆದು ಕರೆಂಟಾಗುವ ಆ ಸೆಲ್ಲನ್ನು ಮತ್ತೆ ತುಂಬುವಂತಿರಲಿಲ್ಲ. ತುಂಬುವ ವಿದ್ಯೆಯೇನೋ ಹಳೆಯದೇ: ಫ್ರಾನ್ಸಿನ ಪ್ಲಾಂಟೆ 1859ರಲ್ಲೇ ಸೀಸದ ಬ್ಯಾಟರಿ ಮಾಡಿದ್ದ, 1899ರಲ್ಲಿ ಸ್ವೀಡನ್ನಿನ ಯುಂಗ್ನರ್ ನಿಕಲ್-ಕ್ಯಾಡ್ಮಿಯಂನದ್ದು ಮಾಡಿದ. ನಮ್ಮ ಕೈಗೆ ಬರುವಾಗ ಅದು ಬಾಲದ ಟಾರ್ಚಾಗಿತ್ತು. ಗೋಡೆಗೆ ಸಿಕ್ಕಿಸಿದರೆ ಕೆಂಪು ದೀಪ ಉರಿಯುವ, ಪ್ಲಾಸ್ಟಿಕ್ ಮೈಯ ಎಲ್‌ಇಡಿ ಟಾರ್ಚು. ಇಂಥ ಎಷ್ಟೋ ಟಾರ್ಚುಗಳ ಒಳಗಿದ್ದದ್ದು ಅದೇ ಸೀಸ. ಖಾಲಿಯಾದದ್ದನ್ನು ಬೇಸಗೆಯಿಡೀ ಮೂಲೆಗೆ ಬಿಸಾಕಿದರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಟಾರ್ಚು ಹೆಣ. ನಮ್ಮನೆಯ ಮೊದಲನೆಯದು ಹಾಗೇ ಹೋಯಿತು, ತಪ್ಪು ನಮ್ಮದೇ.

ನಡುವೆ ಜಾಣತನ ಮಾಡಿ, ಹಳೆಯ ಮೂರು ಸೆಲ್ಲಿನ ಟಾರ್ಚಿಗೆ ಚಾರ್ಜಾಗುವ ನಿಕಲ್ ಸೆಲ್ಲು ಹಾಕಿದವನು ನಾನು. ಒಂದೊಂದಕ್ಕೆ 1.5 ವೋಲ್ಟ್ ಇರಬೇಕಾದಲ್ಲಿ 1.2, ಮೂರಕ್ಕೆ 4.5ರ ಬದಲು 3.6. ಬಲ್ಬಿಗೆ ಕಾಮಾಲೆ ಬಡಿದಂತಾಯಿತು. ಅದೇ ಜಾತಿಯ ಸೆಲ್ಲು ಡಿಜಿಟಲ್ ಕ್ಯಾಮೆರಾದಲ್ಲಿ ರಾಜನಂತೆ ಬಾಳಿತು. ಒಮ್ಮೆಗೇ ಜೋರಾಗಿ ಕರೆಂಟು ಎಳೆದರೂ ಅದರ ವೋಲ್ಟೇಜು ಸಾಮಾನ್ಯ ಸೆಲ್ಲಿನಷ್ಟು ಬೇಗ ಕುಸಿಯುವುದಿಲ್ಲ.

1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿ ಒಂದೇ ಸೆಲ್ಲಿನಲ್ಲಿ ಸುಮಾರು 3.7 ವೋಲ್ಟ್ ಕೊಟ್ಟಿತು. ಅದಕ್ಕೆ ದುಡಿದ ಗುಡಿನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ ನೊಬೆಲ್ ಬಂದದ್ದು 2019ರಲ್ಲಿ. ಅಷ್ಟರೊಳಗೆ ಅದು ನಮ್ಮ ಮೊಬೈಲಿಗೂ ರಾತ್ರಿ ಪಂಪ್‌ಸೆಟ್‌ಗೆ ಹೋಗುವವರ ಹಣೆಗೂ ಬಂದಿತ್ತು. ಹಣೆಗೆ ಕಟ್ಟಿದ್ದನ್ನು ಮಾತ್ರ ಯಾರೂ ಬ್ಯಾಟ್ರಿ ಅನ್ನುವುದಿಲ್ಲ, ಅದು ಹೆಡ್‌ಲೈಟು.

ಕೂಗಳತೆಯಲ್ಲೇ ಭದ್ರಾ ವಿದ್ಯುದಾಗಾರ ಇದ್ದರೂ ಆಷಾಢದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಬಾಲದವಕ್ಕೆಲ್ಲ ಉಪವಾಸ. ಆಗ ಮೊಬೈಲು, ಹೆಡ್‌ಲೈಟು ಹಿಡಿದು ಜೀಪಿನ ಹತ್ತಿರ ಹೋಗುತ್ತೇವೆ. ಬಾನೆಟ್ಟಿನಡಿ ಕೂತಿರುವುದು ಪ್ಲಾಂಟೆಯ ಸೀಸವೇ.